ಗಮನದಲ್ಲಿ ಮೊದಲ ಸ್ಥಾನ

ಒಂದು ಎಡಗಿವಿಯ ವಿಚಾರವನ್ನು ಇಲ್ಲಿ ತಕ್ಕ ಗಾಂಭೀರ್ಯದಿಂದ ದಾಖಲಿಸಬೇಕಾಗಿದೆ. ಆ ಕಿವಿಯ ಸಲುವಾಗಿ ದೊಡ್ಡ ಕಂಪನಿಯೊಂದರ ಮೂವರು ಅಧಿಕಾರಿಗಳು ಬೆಳಗಿನ ಹೊತ್ತೆಲ್ಲ ಸಭೆ ಸೇರಿದ್ದರು. ಕಿವಿಯಿರುವ ಚಿತ್ರಗಳನ್ನು ಒಂದು ಕಡೆಗೂ ಕಿವಿಯಿಲ್ಲದ ಚಿತ್ರಗಳನ್ನು ಇನ್ನೊಂದು ಕಡೆಗೂ ಜೋಡಿಸಿ, ಬಾಣದ ಗುರುತು ಹಾಕಿ, ಎಲ್ಲರಿಗೂ ಮೊದಲೇ ಕಳಿಸಲಾಗಿತ್ತು. ಕಿವಿ ಮಾಡಿದ ತಪ್ಪು ಇಷ್ಟೆ. ಕೆಲಸದ ವೇಳೆಯಲ್ಲಿ ಅದು ಆಗಾಗ ಕ್ಯಾಮೆರಾದ ಚೌಕಟ್ಟು ದಾಟಿ ಹೊರಗೆ ಹೋಗುತ್ತಿತ್ತು. ಮೂಗು ತನ್ನ ಜಾಗದಲ್ಲಿತ್ತು. ಬಲಗಿವಿ ಪ್ರಾಮಾಣಿಕವಾಗಿ ಕೂತಿತ್ತು. ಎಡಗಿವಿ ಮಾತ್ರ ಹೇಳದೆ ಕೇಳದೆ ಗೈರುಹಾಜರಾಗುತ್ತಿತ್ತು.

ಆ ಕಿವಿಯ ಒಡತಿಗೆ ಕಂಪನಿಯಲ್ಲಿ ರೇಡಿಯೋ ಎಂದು ಹೆಸರು ಬಿದ್ದಿತ್ತು. ಫ್ರಿಜ್ಜು ಕೆಟ್ಟವರು, ಬಟ್ಟೆ ಒಗೆಯುವ ಮಷೀನು ಮನೆತುಂಬ ನೀರು ಕಾರಿದವರು ಫೋನು ಮಾಡುತ್ತಾರಲ್ಲ, ಆ ಫೋನು ಎತ್ತಿ ಬೈಸಿಕೊಳ್ಳುವುದು ಅವಳ ಉದ್ಯೋಗ. ಎದುರಿನವರು ಅವಳ ವಂಶವನ್ನೇ ಜಾಲಾಡಿದರೂ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಹವಾಮಾನ ವರದಿ ಓದಿದ ಹಾಗೆ ಹರಿಯುತ್ತಿತ್ತು. ಮೊದಲು ಈ ಕೆಲಸವನ್ನು ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಕೂರಿಸಿ ಮಾಡಿಸುತ್ತಿದ್ದರು. ಆಮೇಲೆ ಬಾಡಿಗೆ, ಕರೆಂಟು, ಕುರ್ಚಿ ಎಲ್ಲ ಉಳಿಯುತ್ತದೆಂದು ಜ್ಞಾನೋದಯವಾಗಿ ಎಲ್ಲರನ್ನೂ ಮನೆಗೆ ಕಳಿಸಿದರು. ಕಳಿಸಿದ್ದೇನೋ ಆಯಿತು, ಮಾಲೀಕರ ನಿದ್ದೆ ಹಾರಿಹೋಯಿತು. ಮನೆಯಲ್ಲಿ ಇವರು ಕಾಲು ಚಾಚಿಬಿಟ್ಟರೆ? ಬೆನ್ನು ನೆಟ್ಟಗೆ ಮಾಡಿಕೊಂಡರೆ? ಕಿಟಕಿಯಾಚೆ ನೋಡಿಬಿಟ್ಟರೆ?

ಹೀಗೆ ಜೊತೆಗಾರ ಬಂದ. ಜೊತೆಗಾರನೆಂದರೆ ಮನುಷ್ಯನಲ್ಲ, ಎಲ್ಲರೂ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲೇಬೇಕಾದ ಒಂದು ತಂತ್ರಾಂಶ. ಅದು ಕ್ಯಾಮೆರಾದ ಮೂಲಕ ದಿನವಿಡೀ ನೋಡುತ್ತದೆ. ಮುಖ ಚೌಕಟ್ಟಿನಲ್ಲಿದ್ದು ಕಣ್ಣು ಪರದೆಯ ಮೇಲಿದ್ದರೆ ಮೂಲೆಯಲ್ಲಿ ಹಸಿರು ಚುಕ್ಕಿ. ಮುಖ ಸರಿದರೆ ಹಳದಿ. ಎದ್ದು ಹೋದರೆ ಕೆಂಪು, ಜೊತೆಗೆ ‘ನೀವು ಚೆನ್ನಾಗಿದ್ದೀರಾ? ನಿಮ್ಮನ್ನು ಕಾಣದೆ ಬೇಸರವಾಗಿದೆ’ ಎಂಬ ಅಕ್ಷರಗಳು. ಅಷ್ಟು ಅಕ್ಕರೆಯ ಮಾತನ್ನು ರೇಡಿಯೋಗೆ ಅವಳ ಗಂಡನೂ ಆಡಿರಲಿಲ್ಲ. ಅವನು ಬಿಟ್ಟುಹೋದಾಗಲೂ ಹೇಳಿ ಹೋಗಿರಲಿಲ್ಲ. ಕೆಂಪು ಹೆಚ್ಚಾದವರನ್ನು ಕೆಲಸದಿಂದ ತೆಗೆಯುತ್ತಿದ್ದರು, ಅದೂ ಅಷ್ಟೇ ಅಕ್ಕರೆಯ ಭಾಷೆಯಲ್ಲಿ.

ದಿನ ಶುರುವಾಗುವುದು ಕೋಣೆ ದರ್ಶನದಿಂದ. ಹಾಗೆಂದು ಹೆಸರಿಟ್ಟವರು ಕೆಲಸದವರೇ. ಎಲ್ಲರೂ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ನಿಂತಲ್ಲೇ ಒಂದು ಸುತ್ತು ತಿರುಗಿ, ತಾವಿರುವ ಕೋಣೆಯ ನಾಲ್ಕೂ ಗೋಡೆ ತೋರಿಸಬೇಕು. ಕೋಣೆಯಲ್ಲಿ ಇನ್ನೊಬ್ಬ ಮನುಷ್ಯ ಇರಕೂಡದು. ಇದ್ದರೆ ಗ್ರಾಹಕರ ಗುಟ್ಟು ಬಯಲಾಗುತ್ತದಂತೆ. ಒಬ್ಬನ ಫ್ರಿಜ್ಜಿನಲ್ಲಿ ಐಸು ಕಟ್ಟುತ್ತಿಲ್ಲವೆಂಬ ಗುಟ್ಟು.

ರೇಡಿಯೋ ಇದ್ದದ್ದು ಒಂದೇ ಕೋಣೆಯಲ್ಲಿ. ಬಲಕ್ಕೆ ಒಲೆ, ನಡುವೆ ಮೇಜು, ಎಡಕ್ಕೆ ಅಮ್ಮನ ಮಂಚ. ನೀರು ಮತ್ತು ಒಗೆಯುವ ಕಲ್ಲು ಓಣಿಯ ಕೊನೆಯಲ್ಲಿ. ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಒಂದು ಮಾತು ಮಾತ್ರ ಉಳಿದಿತ್ತು. ‘ಆಯ್ತು.’ ಗಂಜಿ ಬೇಕಾ ಎಂದರೂ ಆಯ್ತು, ಬೇಡವಾ ಎಂದರೂ ಆಯ್ತು. ಇಡೀ ಆಯುಷ್ಯ ಕಚೇರಿಗಳ ನೆಲ ಒರೆಸಿದ ಹೆಂಗಸು. ಅಷ್ಟೊಂದು ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು.

ಮಂಚಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ ರೇಡಿಯೋ ಒಂದು ಹಳೆಯ ಹೊದಿಕೆ ಇಳಿಬಿಟ್ಟಿದ್ದಳು. ಕೋಣೆ ದರ್ಶನದಲ್ಲಿ ಅದೇನು ಎಂದು ಕೇಳಿದಾಗ ಗೋಡೆ ತೇವ, ನೋಡಲಿಕ್ಕೆ ಚೆನ್ನಾಗಿಲ್ಲ ಎಂದಿದ್ದಳು. ಹೊದಿಕೆಯ ಹಿಂದಿನ ಉಸಿರು ಕೇಳಲಿಕ್ಕಾಗಿಯೇ ಆ ಎಡಗಿವಿ ಅತ್ತ ವಾಲುತ್ತಿತ್ತು. ಅಮ್ಮ ಒದ್ದೆ ಮಾಡಿಕೊಂಡಾಗ ಕೂಗುತ್ತಿರಲಿಲ್ಲ. ಉಸಿರು ಮಾತ್ರ ಬಿಗಿಯುತ್ತಿತ್ತು. ನಾಚಿಕೆಗೆ ಮಾತು ಬೇಕಾಗಿಲ್ಲ.

ಈ ಚುಕ್ಕಿಗಳನ್ನು ಕಾಯುವ ಮನುಷ್ಯನಿಗೆ ಕಂಪನಿ ಕೊಟ್ಟ ಹುದ್ದೆ ಗಮನಾಧಿಕಾರಿ. ಕೆಲಸದವರು ಕೊಟ್ಟದ್ದು ಇಣುಕಣ್ಣ. ದಿನವಿಡೀ ಜನರ ಅಡುಗೆಮನೆಗೆ, ಮಲಗುವ ಕೋಣೆಗೆ ಮೂಗು ತೂರಿಸುವುದಕ್ಕೆ ಸಂಬಳ ಪಡೆಯುವ ಈ ಮನುಷ್ಯ ಎಲ್ಲರನ್ನೂ ಮೇಡಂ, ಸರ್ ಎಂದೇ ಕರೆಯುತ್ತಿದ್ದ. ಕಿವಿಯ ಸಭೆಯಲ್ಲಿ ಅವನದೇ ಮುಖ್ಯ ಭಾಷಣ. ಒಂದು ಕಿವಿ ಇವತ್ತು ಹೋದರೆ ನಾಳೆ ಇಡೀ ತಲೆ ಹೋಗುತ್ತದೆ ಎಂದು ಅವನು ವಾದಿಸಿದನಂತೆ. ಕಡೆಗೆ ಕಿವಿಗೆ ಎಚ್ಚರಿಕೆ ಕೊಡುವುದೆಂದು ತೀರ್ಮಾನವಾಯಿತು.

ಎಚ್ಚರಿಕೆ ಬಂದ ಮೇಲೆ ರೇಡಿಯೋ ನೆಟ್ಟಗೆ ಕೂತಳು. ಕತ್ತು ನೋಯುವ ಹಾಗೆ ಕೂತಳು. ಹೊದಿಕೆಯ ಹಿಂದೆ ಉಸಿರು ಬಿಗಿದರೂ ಊಟದ ಬಿಡುವಿನ ತನಕ ಏಳಲಿಲ್ಲ. ಬಿಡುವು ಬಂದಾಗ ಓಡಿದಳು. ಅಮ್ಮನ ಕಂಕುಳಿಗೆ ಕೈ ಕೊಟ್ಟು, ಸೊಂಟಕ್ಕೆ ಸೊಂಟ ಕೊಟ್ಟು, ಹೊರಳಿಸಿ, ಒದ್ದೆ ಬಟ್ಟೆ ಎಳೆದು, ಒರೆಸಿ, ಒಣ ಬಟ್ಟೆ ಹಾಸಿ, ಬಕೀಟು ಹೊತ್ತು ಓಣಿಯ ಕೊನೆಗೆ ಹೋಗಿ ಬರುವಷ್ಟರಲ್ಲಿ ಬಿಡುವು ಮುಗಿದಿರುತ್ತಿತ್ತು. ಕೈ ಒರೆಸಿಕೊಂಡು ಕೂತು, ‘ನಮಸ್ಕಾರ, ತಮ್ಮ ತೊಂದರೆಗೆ ವಿಷಾದಿಸುತ್ತೇವೆ’ ಎನ್ನುತ್ತಿದ್ದಳು. ಉಂಡಳೋ ಇಲ್ಲವೋ ಎಂದು ಜೊತೆಗಾರ ಕೇಳಲಿಲ್ಲ. ಅದಕ್ಕೆ ಚುಕ್ಕಿ ಇರಲಿಲ್ಲ.

ಒಂದು ದಿನ ಹೊರಳಿಸುವಾಗ ಅಮ್ಮನ ಬೆನ್ನ ಕೆಳಗೆ, ಮೂಳೆ ಒತ್ತುವಲ್ಲಿ, ಚರ್ಮ ಕೆಂಪಗಾಗಿದ್ದು ಕಂಡಿತು. ಕೆಲವೇ ದಿನಗಳಲ್ಲಿ ಅದು ಕಿತ್ತುಕೊಂಡು ಹುಣ್ಣಾಯಿತು. ವಾರಕ್ಕೊಮ್ಮೆ ಬಂದು ಹೋಗುವ ನರ್ಸು ನೋಡಿ ಮುಖ ಸಿಂಡರಿಸಿದಳು. ಇದು ಹೀಗೇ ಆಳಕ್ಕೆ ಇಳಿದರೆ ಮೂಳೆ ಮುಟ್ಟುತ್ತದೆ, ಆಮೇಲೆ ನಂಜಾಗಿ ಪ್ರಾಣಕ್ಕೇ ಬರುತ್ತದೆ ಎಂದಳು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಒದ್ದೆಯಲ್ಲಿ ಬಿಡಕೂಡದು, ಹಗಲಿನಲ್ಲಿ ಆಗಾಗ ಎತ್ತಿ ಕೂರಿಸಬೇಕು. ರೇಡಿಯೋ ತಲೆಯಾಡಿಸಿದಳು. ಅಲ್ಲಿಗೆ ಲೆಕ್ಕ ಸರಿಹೋಯಿತು. ಎದ್ದರೆ ಕೆಲಸ ಹೋಗುತ್ತದೆ. ಕೂತರೆ ಅಮ್ಮ ಹೋಗುತ್ತಾಳೆ.

ಈ ಲೆಕ್ಕವನ್ನು ಬಿಡಿಸಿದ್ದು ಜಾಣತನವಲ್ಲ, ಆಕಸ್ಮಿಕ. ಆ ಮನೆಯಲ್ಲಿ ಕೈಯಿರುವ ಕುರ್ಚಿ ಒಂದೇ ಇತ್ತು, ಲ್ಯಾಪ್‌ಟಾಪಿನ ಮುಂದಿನದು. ಒಂದು ಬೆಳಗ್ಗೆ ಹಾಸಿಗೆ ಪೂರ್ತಿ ನೆನೆದಿತ್ತು. ಫೋನುಗಳು ಸಾಲುಗಟ್ಟಿದ್ದವು. ರೇಡಿಯೋ ಬಲಗಿವಿಯ ತಂತಿಯಿಲ್ಲದ ಇಯರ್‌ಫೋನು ತೆಗೆಯಲೇ ಇಲ್ಲ. ಯಾರದೋ ದೂರು ಕೇಳುತ್ತಲೇ ಅಮ್ಮನನ್ನು ಎದೆಗೆ ಅವಚಿ ಎತ್ತಿ, ಕುರ್ಚಿಯಲ್ಲಿ ಕೂರಿಸಿ, ಜಾರದ ಹಾಗೆ ಸೊಂಟಕ್ಕೊಂದು ಬಟ್ಟೆ ಬಿಗಿದು, ಹಾಸಿಗೆಯ ಕಡೆ ತಿರುಗಿದಳು. ಕೆಂಪು ಬಿದ್ದರೆ ಬೀಳಲಿ ಎಂದುಕೊಂಡಳು. ಹಾಸಿಗೆ ಒರೆಸಿ ಬಂದು ನೋಡಿದರೆ ಚುಕ್ಕಿ ಹಸಿರಾಗಿತ್ತು.

ಜೊತೆಗಾರ ಅಮ್ಮನನ್ನು ಒಪ್ಪಿಕೊಂಡಿದ್ದ. ಮಗಳದು ಅಮ್ಮನದೇ ಮುಖ, ಅಚ್ಚು ಹೊಡೆದ ಹಾಗೆ. ಸಾಲದ್ದಕ್ಕೆ, ಜೊತೆಗಾರನಿಗೆ ಮುಖ ಪರಿಚಯ ಮಾಡಿಕೊಟ್ಟ ದಿನ ರೇಡಿಯೋ ಆಸ್ಪತ್ರೆಯಲ್ಲಿ ರಾತ್ರಿಗಟ್ಟಲೆ ನಿದ್ದೆಗೆಟ್ಟು ನೇರ ಬಂದು ಕೂತಿದ್ದಳು. ಆವತ್ತಿನ ಆ ಮುಖಕ್ಕೆ ಅಮ್ಮನ ವಯಸ್ಸೇ ಆಗಿತ್ತು. ಉಳಿದದ್ದನ್ನು ಅಮ್ಮ ನೋಡಿಕೊಂಡಳು. ಕಚೇರಿಗಳಲ್ಲಿ ಸಾಹೇಬರು ಹಾದುಹೋಗುವಾಗ ಒರೆಸುವ ಕೋಲು ಹಿಡಿದು ಗೋಡೆಗೆ ಒತ್ತಿಕೊಂಡು ಅಲ್ಲಾಡದೆ ನಿಂತು ರೂಢಿ. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಹೋಗುತ್ತಿದ್ದವು. ಅಮ್ಮ ಅವುಗಳನ್ನೇ ನೋಡುತ್ತ, ಆಗೊಮ್ಮೆ ಈಗೊಮ್ಮೆ ರೆಪ್ಪೆ ಬಡಿಯುತ್ತ ಕೂತಳು. ಅಷ್ಟು ವರ್ಷ ದುಡಿದ ಕಚೇರಿಗಳಲ್ಲಿ ಅವಳ ಮುಖವನ್ನು ಒಬ್ಬರೂ ನೋಡಿರಲಿಲ್ಲ. ಈಗ ಒಂದು ಕಂಪನಿ ಅದರ ಮೇಲಿಂದ ಕಣ್ಣೇ ಕೀಳಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ಪದ್ಧತಿ ಬಂತು. ದನಿ ಮಗಳದು, ಮುಖ ಅಮ್ಮನದು. ರೇಡಿಯೋ ಬಟ್ಟೆ ಹಿಂಡುತ್ತ ದೂರು ಬರೆಸಿಕೊಂಡಳು. ಗಂಜಿ ಕಲಕುತ್ತ ವಿಷಾದಿಸಿದಳು. ಟೈಪು ಮಾಡಬೇಕಾದಾಗ ಅಮ್ಮನ ಹೆಗಲ ಪಕ್ಕದಿಂದ ಕೈ ಚಾಚಿದಳು. ಅಮ್ಮನಿಗೆ ಕೂತು ದಣಿವಾದಾಗ ಮಲಗಿಸಿ, ಮಗ್ಗುಲು ಬದಲಿಸಿ, ಆ ಹೊತ್ತಿಗೆ ತಾನೇ ಕೂತಳು. ಒಬ್ಬ ಗ್ರಾಹಕ, ತನ್ನ ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೂ ಒಳಗಿನ ದೀಪ ಉರಿಯುತ್ತಿದೆಯೆಂದು ದೂರಿದ. ಅದು ನಿಮಗೆ ಹೇಗೆ ಗೊತ್ತಾಯಿತು ಸರ್ ಎಂದು ಅವಳು ಕೇಳಿದಳು. ವಿಡಿಯೋ ಹಾಕಿ ಫೋನನ್ನೇ ಒಳಗೆ ಇಟ್ಟಿದ್ದೆ ಎಂದ. ಇಂಥವರಿಗೆಲ್ಲ ಮುಂದೆ ಗಮನಾಧಿಕಾರಿಯ ಹುದ್ದೆ ಸಿಗುತ್ತದೆ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುವ ಹೆಂಗಸೊಬ್ಬಳಿದ್ದಳು. ಅಮ್ಮನನ್ನು ಎತ್ತಿ ಇಳಿಸುವುದಕ್ಕೆ ಅವಳೇ ಎರಡನೇ ಕೈ. ಕುರ್ಚಿಯಲ್ಲಿ ಅಮ್ಮನನ್ನು ಕಂಡ ಮೊದಲ ದಿನ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಏನೇ ಇದು, ಅಮ್ಮನ್ನ ಕೆಲಸಕ್ಕೆ ಹಚ್ಚಿದೀಯಾ?”

“ಕೆಲಸ ನಾನೇ ಮಾಡ್ತಿದೀನಿ ಅಕ್ಕ. ಅಮ್ಮ ಸುಮ್ನೆ ಕಾಣಿಸ್ಕೋತಾಳೆ.”

“ಹಾಗಾದ್ರೆ ಅಮ್ಮಂಗೇ ಜಾಸ್ತಿ ಸಂಬಳ ಬರ್ಬೇಕು ಕಣೇ. ಎಲ್ಲಾ ಕಡೆ ಕಾಣಿಸ್ಕೊಳ್ಳೋರಿಗೇ ಜಾಸ್ತಿ.”

ಅಮ್ಮ ಆಯ್ತು ಎಂದಳು. ಮೂವರೂ ನಕ್ಕರು. ಅಮ್ಮನದು ಅರ್ಧ ಬಾಯಿಯ ನಗು.

ಹುಣ್ಣು ಆಳಕ್ಕೆ ಇಳಿಯುವುದು ನಿಂತಿತು. ಅಂಚಿನಲ್ಲಿ ಹೊಸ ಚರ್ಮ ತೆಳ್ಳಗೆ ಕಾಣಿಸಿಕೊಂಡಿತು. ನರ್ಸು ಮೆಚ್ಚಿದಳು. ಆ ಕಡೆ ಕಂಪನಿಯೂ ಮೆಚ್ಚುತ್ತಿತ್ತು. ರೇಡಿಯೋಳ ಗಮನದ ಅಂಕಗಳು ಏರುತ್ತ ಹೋಗಿ ತಂಡಕ್ಕೇ ಮೇಲಾದವು. ಮನುಷ್ಯ ಮಾತ್ರದವರು ಹಾಗೆ ಕೂರುವುದು ಸಾಧ್ಯವಿಲ್ಲವೆಂದು ಯಾರಿಗಾದರೂ ಅನಿಸಬೇಕಿತ್ತು. ಅನಿಸಲಿಲ್ಲ. ಇಣುಕಣ್ಣ ನೋಡುತ್ತಿದ್ದದ್ದು ಚುಕ್ಕಿಗಳನ್ನು, ಮುಖಗಳನ್ನಲ್ಲ. ನೋಡುವುದೇ ಕಸುಬಾದ ಮನುಷ್ಯ ಅಷ್ಟು ದಿನವೂ ನೋಡಿರಲಿಲ್ಲ.

ಆಮೇಲೆ ಗಮನ ಸಪ್ತಾಹ ಬಂತು. ಕಂಪನಿಯ ಎಲ್ಲರನ್ನೂ ಪರದೆಯ ಮೇಲೆ ಸೇರಿಸಿ, ತಿಂಗಳಿಗೆ ಒಂದು ಸಲ ಕಾಣಿಸುವ ದೊಡ್ಡ ಮೇಡಂ ಮಾತಾಡಿದರು. ನಂಬಿಕೆಯೇ ನಮ್ಮ ಅಡಿಪಾಯ ಎಂದರು. ಈ ಸಲದ ಗಮನದಲ್ಲಿ ಮೊದಲ ಸ್ಥಾನ ಪಡೆದವರು ಹೇಗೆ ಕೂರುತ್ತಾರೆ, ನೋಡಿ ಕಲಿಯೋಣ ಎಂದರು. ಆ ಮೊದಲ ಸ್ಥಾನ ರೇಡಿಯೋಳದು. ಜೊತೆಗಾರ ತಾನೇ ಆರಿಸಿ ಕೊಟ್ಟಿದ್ದ ವಿಡಿಯೋವನ್ನು ಇಣುಕಣ್ಣ ಹಚ್ಚಿದ. ಮೊದಲೇ ತೆರೆದು ನೋಡುವ ಕಷ್ಟವನ್ನು ಅವನು ತೆಗೆದುಕೊಂಡಿರಲಿಲ್ಲ.

ಪರದೆಯ ತುಂಬ ಅಮ್ಮ ಬಂದಳು. ಕೆಳತುಟಿಯ ಅಂಚಿನಲ್ಲಿ ಜೊಲ್ಲು. ಸೊಂಟಕ್ಕೆ ಬಿಗಿದ ಬಟ್ಟೆ. ಕಣ್ಣು ನೇರವಾಗಿ ಕಂಪನಿಯ ಮೇಲೆ. ಅವಳ ಹಿಂದೆ ಬಕೀಟು ಹೊತ್ತ ಒಂದು ಸೊಂಟ ಹಾದುಹೋಯಿತು. ‘ದಯವಿಟ್ಟು ಸಾಲಿನಲ್ಲೇ ಇರಿ ಸರ್’ ಎಂದಿತು ಒಂದು ದನಿ, ಹವಾಮಾನ ವರದಿಯ ಹಾಗೆ.

ಯಾರೋ ಕಿಸಕ್ಕೆಂದರು. ದೊಡ್ಡ ಮೇಡಂ ಇನ್ನೂ ನಗುಮುಖದಲ್ಲೇ ಇದ್ದರು. ಯಾರಿಗೆ ಬಹುಮಾನ ಕೊಡುತ್ತಿದ್ದೇನೆಂಬುದು ಅವರಿಗೆ ಮೊದಲಿಂದಲೂ ಗೊತ್ತಿರಲಿಲ್ಲವಾದ್ದರಿಂದ ಅವರಿಗೆ ಏನೂ ತಪ್ಪಿದಂತೆ ಕಾಣಲಿಲ್ಲ. ತಂಡದಲ್ಲಿ ಸದಾ ಕೆಮ್ಮುವ ಒಬ್ಬ ಹಿರಿಯರಿದ್ದರು, ಎಲ್ಲರೂ ಅವರನ್ನು ಕೆಮ್ಮಿನ ಸರ್ ಎನ್ನುತ್ತಿದ್ದರು. ಅವರೊಬ್ಬರೇ ಮೆಲ್ಲಗೆ ಕೇಳಿದರು. “ನಿನ್ನ ಅಮ್ಮನಾ, ತಾಯೀ?” ಅಷ್ಟರಲ್ಲಿ ಇಣುಕಣ್ಣ ಎಲ್ಲರ ಬಾಯಿಯನ್ನೂ ಒಂದೇ ಗುಂಡಿ ಒತ್ತಿ ಮುಚ್ಚಿದ.

ಮಾರನೆಯ ದಿನ ವಿಚಾರಣೆ. ರೇಡಿಯೋ ಕುರ್ಚಿಯಲ್ಲಿ ಕೂತಿದ್ದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿಯದ ಕಾರಣ ಹಗ್ಗದ ಹೊದಿಕೆಯನ್ನು ಇಳಿಸಿ ಅಮ್ಮನಿಗೆ ಹೊದಿಸಿದ್ದಳು. ಆ ಕಡೆ ಮೂರು ಜನ. ಇಣುಕಣ್ಣ, ಸಿಬ್ಬಂದಿಯ ಕ್ಷೇಮ ನೋಡುವ ಮೇಡಂ, ಕಾನೂನಿನವರು. ಮೂವರ ಕ್ಯಾಮೆರಾವೂ ಆರಿತ್ತು. ಪರದೆಯ ಮೇಲೆ ಮೂರು ಕಪ್ಪು ಚೌಕ ಮಾತ್ರ.

ಫೋನುಗಳನ್ನು ಎತ್ತಿದ್ದು ಯಾರು ಎಂದು ಕೇಳಿದರು. ನಾನೇ ಎಂದಳು. ಒಂದು ಫೋನಾದರೂ ತಪ್ಪಿದೆಯಾ ಎಂದು ಅವಳು ಕೇಳಿದಳು. ಇಲ್ಲವೆಂದು ಒಪ್ಪಿಕೊಂಡರು. ಗ್ರಾಹಕರು ಯಾರಾದರೂ ದೂರಿದ್ದಾರಾ? ಅದೂ ಇಲ್ಲ.

“ಕೆಲಸ ಆಗಿದೆ, ಒಪ್ತೀವಿ” ಎಂದರು ಕಾನೂನಿನವರು. “ಮಾಡಿದ್ದು ನೀವೇ, ಅದನ್ನೂ ಒಪ್ತೀವಿ. ಆದ್ರೆ ಮಾಡುವಾಗ ನೀವು ಇರ್ಲಿಲ್ಲ. ಅದು ಪ್ರಶ್ನೆ.”

ಕ್ಷೇಮದ ಮೇಡಂ ಬಹಳ ಮೃದುವಾಗಿ ಮಾತಾಡಿದರು. ತಮಗೂ ತಾಯಿ ಇದ್ದಾರೆಂದು ತಿಳಿಸಿದರು. ಶುಶ್ರೂಷೆಯ ರಿಯಾಯಿತಿ ಎಂಬುದೊಂದಿದೆ, ರೋಗಿ ಇರುವ ಮನೆಯವರು ಆಗಾಗ ಎದ್ದು ಹೋಗಬಹುದು, ನಿಮಗೂ ಕೊಡಿಸಬಹುದು ಎಂದರು. ಆದರೆ ಒಮ್ಮೆ ಮೋಸ ಆಗಿರುವುದರಿಂದ ರೋಗಿ ನಿಜವೇ ಎಂದು ಖಾತ್ರಿಯಾಗಬೇಕು. ಅಮ್ಮನ ಬೆನ್ನ ಹುಣ್ಣಿನ ವಿಚಾರ ಹೇಳಿ, ಆಸ್ಪತ್ರೆಯ ಕಾಗದ ಕಳಿಸುತ್ತೇನೆಂದಳು ರೇಡಿಯೋ. ಕಾಗದವನ್ನು ಈಗ ಯಾರು ಬೇಕಾದರೂ ಮಾಡಿಸುತ್ತಾರೆ, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದರು ಕಾನೂನಿನವರು. ಹಿಂದಿನ ದಿನವಷ್ಟೇ ಆ ಕ್ಯಾಮೆರಾ ಏನು ಹೇಳಿತ್ತೆಂಬುದು ಅವರಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

“ದೊಡ್ಡದೇನಿಲ್ಲ ಮೇಡಂ” ಎಂದ ಇಣುಕಣ್ಣ. “ಲ್ಯಾಪ್‌ಟಾಪ್ ಸ್ವಲ್ಪ ಎಡಕ್ಕೆ ತಿರುಗ್ಸಿ. ಹೊದಿಕೆ ಒಂಚೂರು ಸರಿಸಿ. ಹುಣ್ಣು ಕಂಡ್ರೆ ಸಾಕು, ದಾಖಲೆಗೆ. ಅಮ್ಮಾ, ಕೇಳಿಸ್ತಾ? ಹೊದಿಕೆ ಸ್ವಲ್ಪ ತೆಗೀತೀರಾ?”

“ಆಯ್ತು” ಎಂದಳು ಅಮ್ಮ.

ರೇಡಿಯೋ ತಿರುಗಿ ನೋಡಿದಳು. ಅಮ್ಮನ ಎಡಗೈ ಹೊದಿಕೆಯ ಅಂಚು ಹುಡುಕುತ್ತಿತ್ತು. ಹುಡುಕಿ ಹಿಡಿಯಿತು. ಎಳೆಯಿತು. ಕಚೇರಿಗಳಲ್ಲಿ ಕೆಲಸ ಮುಗಿಸಿ ಹೊರಡುವಾಗ ಗೇಟಿನಲ್ಲಿ ದಿನವೂ ಅಮ್ಮ ಚೀಲ ಬಿಚ್ಚಿ ತೋರಿಸುತ್ತಿದ್ದಳು. ಬುತ್ತಿಯ ಡಬ್ಬಿ ತೆರೆದು ತೋರಿಸುತ್ತಿದ್ದಳು. ಕೆಲವು ದಿನ ಮೇಲಂಗಿ ಕೊಡವಿ ತೋರಿಸುತ್ತಿದ್ದಳು. ತೋರಿಸಿ ಅನ್ನುವ ಮೊದಲೇ ಬಿಚ್ಚುತ್ತಿದ್ದಳು. ರೇಡಿಯೋ ಸಣ್ಣವಳಿದ್ದಾಗ ಗೇಟಿನ ಆಚೆ ನಿಂತು ಇದನ್ನು ಕಂಡಿದ್ದಳು. ಈಗ ಹೊದಿಕೆ ಮೊಣಕಾಲು ದಾಟಿ ಬಂದಿತ್ತು. ಬತ್ತಿದ ತೊಡೆ ಕಾಣುತ್ತಿತ್ತು. ಅಮ್ಮನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅವಸರ ಇತ್ತು. ಸಾಹೇಬರನ್ನು ಕಾಯಿಸಬಾರದೆಂಬ ಅವಸರ.

ರೇಡಿಯೋ ಎದ್ದಳು. ಆ ಕೈ ಹಿಡಿದಳು. ಕೈ ಬಿಡಲಿಲ್ಲ. ಒಂದೇ ಕೈ, ಆದರೂ ಅದರಲ್ಲಿ ಅಷ್ಟು ಬಲ ಇತ್ತು. ಬಿಡಮ್ಮ ಎಂದಳು. ಒಂದೊಂದೇ ಬೆರಳು ಬಿಡಿಸಿದಳು. ಹೊದಿಕೆಯನ್ನು ಗಲ್ಲದ ತನಕ ಎಳೆದು ಎರಡೂ ಬದಿ ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಬಂದು ಕೂತಳು.

“ತೋರಿಸಲ್ಲ.”

ಯೋಚನೆ ಮಾಡಿ ಹೇಳಿ ಎಂದರು ಕ್ಷೇಮದ ಮೇಡಂ. ಇದು ನಿಮ್ಮ ಒಳ್ಳೆಯದಕ್ಕೇ ಎಂದರು.

“ಮಾಡಿದೀನಿ. ಆ ಹುಣ್ಣು ಆಗಿದ್ದು ನಿಮ್ಮ ಚುಕ್ಕಿ ಹಸಿರಾಗಿರ್ಲಿ ಅಂತ ನಾನು ಏಳದೆ ಕೂತಿದ್ದಕ್ಕೆ. ಅವತ್ತೆಲ್ಲ ನೀವು ನೋಡ್ತಾನೇ ಇದ್ರಿ. ನನ್ನ ಕಿವಿ ಎಲ್ಲಿದೆ ಅಂತ ನೋಡಿದ್ರಿ. ಈಗ ಅಮ್ಮನ ಮೈ ನೋಡ್ಬೇಕಾ? ನೀವು ಮೂರು ಜನ ಕತ್ತಲಲ್ಲಿ ಕೂತ್ಕೊಂಡು ನನ್ನ ಅಮ್ಮನ್ನ ಬಿಚ್ಚು ಅಂತೀರಿ. ಮೊದಲು ನಿಮ್ಮ ಮುಖ ತೋರ್ಸಿ. ನಿಮ್ಮ ಕೋಣೆ ತೋರ್ಸಿ.”

ಅವಳ ದನಿ ಏರಲಿಲ್ಲ.

“ನಮಗೆ ಆ ನಿಯಮ ಅನ್ವಯಿಸಲ್ಲ” ಎಂದರು ಕಾನೂನಿನವರು.

“ಹಾಗಿದ್ರೆ ನನಗೂ ಇಲ್ಲ.”

ಇಣುಕಣ್ಣ ಏನೋ ಹೇಳಲು ಶುರು ಮಾಡಿದ್ದ. ರೇಡಿಯೋ ಲ್ಯಾಪ್‌ಟಾಪು ಮುಚ್ಚಿದಳು. ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಗೋಡೆ ತಟ್ಟಿ ಹೊಲಿಗೆಯವಳನ್ನು ಕರೆದಳು. ಇಬ್ಬರೂ ಸೇರಿ ಹೊರಳಿಸಿದರು. ಏನಾಯ್ತೇ ಎಂದು ಹೊಲಿಗೆಯವಳು ಕೇಳಿದಳು. ಕೆಲಸ ಹೋಯ್ತು ಅನ್ಸತ್ತೆ ಎಂದಳು. ಹೋಗ್ಲಿ ಬಿಡು, ಅದೇನು ಮಹಾ ಕೆಲಸ, ಕೂತ್ಕೊಂಡು ಫೋಟೋ ತೆಗೆಸ್ಕೊಳ್ಳೋದು ಎಂದು ಹೊಲಿಗೆಯವಳು ತಲೆದಿಂಬು ಸರಿಮಾಡಿದಳು. ಆಮೇಲೆ ಅವಳೇ, ತನ್ನ ಹತ್ತಿರ ಅಂಚು ಮಡಿಚಿ ಹೊಲಿಯುವ ಕೆಲಸ ರಾಶಿ ಬಿದ್ದಿದೆ, ಕೈಗೆ ಬಂದರೆ ಮಾಡು, ದುಡ್ಡು ಕಮ್ಮಿ ಎಂದಳು.

ಆ ಸಂಜೆ ಕೆಮ್ಮಿನ ಸರ್ ಫೋನು ಮಾಡಿದರು. ರೇಡಿಯೋ ನಡೆದದ್ದನ್ನು ಹೇಳಿದಳು. ಅವರು ಬಹಳ ಹೊತ್ತು ಕೆಮ್ಮಿದರು.

ಮಾರನೆಯ ಬೆಳಗ್ಗೆ ಕೋಣೆ ದರ್ಶನಕ್ಕೆ ಕರೆ ಬಂದಾಗ ಕೆಮ್ಮಿನ ಸರ್ ಲ್ಯಾಪ್‌ಟಾಪು ಎತ್ತಲಿಲ್ಲ. ಮೊದಲು ನಿಮ್ಮ ಕೋಣೆ ತೋರಿಸಿ ಸಾರ್ ಎಂದರು. ಇಣುಕಣ್ಣ ನಕ್ಕ. ಕೆಮ್ಮಿನ ಸರ್ ನಗಲಿಲ್ಲ. ಅವರ ಪಕ್ಕದ ಚೌಕದವಳೂ ಎತ್ತಲಿಲ್ಲ. ಅವಳ ಕೆಳಗಿನವನೂ ಎತ್ತಲಿಲ್ಲ. ಹೀಗೆ ಅರ್ಧ ತಂಡ ಕೈಕಟ್ಟಿ ಕೂತಿತು. ಇಣುಕಣ್ಣ ಅವರೆಲ್ಲರಿಗೂ ಕೆಂಪು ಒತ್ತಿದ. ಕೆಂಪು ಬಿದ್ದವರಿಗೆ ಜೊತೆಗಾರ ಫೋನು ಕೊಡುವುದಿಲ್ಲ. ಕೆಟ್ಟ ಫ್ರಿಜ್ಜುಗಳು ಸಾಲುಗಟ್ಟಿ ಕಾದವು. ಕಾದವರು ಬೈಯುವುದಕ್ಕೆ ಕೆಳಗಿನವರು ಸಿಗದೆ ಮೇಲಿನವರಿಗೇ ಫೋನು ಮಾಡಿ ಬೈದರು.

ಮಧ್ಯಾಹ್ನದ ಹೊತ್ತಿಗೆ ಅಪ್ಪಣೆ ಬಂತು. ಆ ತಂಡದ ಮಟ್ಟಿಗೆ ಕೋಣೆ ದರ್ಶನ ನಿಂತಿತು. ಕ್ಯಾಮೆರಾ ನಿಲ್ಲಲಿಲ್ಲ. ಹಾಜರಾತಿಯಲ್ಲಿ ವಂಚನೆ ಎಂಬ ಕಾರಣ ಕೊಟ್ಟು ರೇಡಿಯೋಳನ್ನು ಕೆಲಸದಿಂದ ತೆಗೆದರು.